ಬರೆಹದ ಶಿಸ್ತೂ ಸಾರ್ವಜನಿಕ ಸುರಕ್ಷಿತತೆಯೂ

ಕಚೇರಿಯಲ್ಲಿ ಹಣದ ಚೀಟಿ ಬರೆಯುವ ಗುಮಾಸ್ತನು ಮೊತ್ತವನ್ನು ಮೊದಲು ಅಂಕೆಗಳಲ್ಲಿ ಬರೆಯುವನು. ಅದನ್ನೇ ಮತ್ತೆ ಅಕ್ಷರಗಳಲ್ಲಿ ಬರೆಯುವನು. ಕೊನೆಗೆ ‘ಮಾತ್ರ’ ಎಂಬ ಎರಡಕ್ಷರವನ್ನು ಸೇರಿಸಿ, ಸಾಲಿನಲ್ಲಿ ಬರಿದಾದ ಎಡೆ ಉಳಿದಿದ್ದರೆ ಗೀಟೆಳೆದು ಮುಚ್ಚುವನು. ತಪ್ಪು ಬಿದ್ದ ಅಂಕೆಯನ್ನು ಅವನು ಕೆರೆದು ಅಳಿಸುವುದಿಲ್ಲ. ಓದಲು ಬರುವಂತೆಯೇ ಹೊಡೆದುಹಾಕಿ ಪಕ್ಕದಲ್ಲಿ ರುಜು ಮಾಡುವನು. ಹೊಸದಾಗಿ ಕೆಲಸಕ್ಕೆ ಸೇರಿದ ತರುಣನಿಗೆ ಇವೆಲ್ಲ ಬರಿಯ ಕಟ್ಟಳೆಗಳಾಗಿ ತೋರಬಹುದು. ಆದರೆ ನೂರರ ಮುಂದೆ ಒಂದು ಸೊನ್ನೆ ಸೇರಿಸಿ ಸಾವಿರ ಮಾಡಿದವನನ್ನು ಒಮ್ಮೆ ಕಂಡ ಖಜಾನೆಯ ಅಧಿಕಾರಿಗೆ ಅವುಗಳ ಅರ್ಥವು ಚೆನ್ನಾಗಿ ಗೊತ್ತಿರುವುದು. ಅವು ಅಂದಕ್ಕಾಗಿ ಹುಟ್ಟಿದ ಪದ್ಧತಿಗಳಲ್ಲ. ಕಳ್ಳನಿಗೂ ಮರೆವಿಗೂ ಎಡೆಗೊಡಬಾರದೆಂದು ಹುಟ್ಟಿದ ಪದ್ಧತಿಗಳು.

ಇದೇ ವಿವೇಕವು ಗಣಕಯಂತ್ರಗಳ ತಂತ್ರಾಂಶವನ್ನು ಬರೆಯುವವರಲ್ಲಿ ಎಷ್ಟರಮಟ್ಟಿಗೆ ಇದೆ, ಅವರು ಬರೆದುದನ್ನು ತಾಳೆ ನೋಡುವವರು ಎಷ್ಟು ಮಂದಿ ಇದ್ದಾರೆ ಎಂಬ ಪ್ರಶ್ನೆಯು ಇಂದು ಆ ಕಸುಬಿನವರ ಮನೆಮಾತಾಗಿ ಉಳಿದಿಲ್ಲ. ತೆರಿಗೆ, ಪಿಂಚಣಿ, ಬ್ಯಾಂಕಿನ ವ್ಯವಹಾರ, ರೈಲಿನ ಟಿಕೆಟ್ಟು, ಭೂಮಿಯ ದಾಖಲೆ ಎಲ್ಲವೂ ಈ ಯಂತ್ರಗಳನ್ನು ಹಾದುಹೋಗುತ್ತಿರುವಾಗ ಅದು ಪ್ರತಿಯೊಬ್ಬ ನಾಗರಿಕನ ಪ್ರಶ್ನೆಯಾಗಿದೆ. ಆದಕಾರಣವೇ ಈ ವಿಷಯವನ್ನು ನಾವು ಇಲ್ಲಿ ಎತ್ತಿಕೊಂಡಿರುವೆವು.

ವಾಚಕರಲ್ಲಿ ಈ ಕಸುಬಿಗೆ ಹೊರಗಿನವರೇ ಹೆಚ್ಚಾಗಿರುವುದರಿಂದ ಸಂಗತಿಯನ್ನು ತುಸು ಬಿಡಿಸಿ ಹೇಳುವುದು ಅವಶ್ಯ. ತಂತ್ರಾಂಶವನ್ನು ರಚಿಸುವವನು ಅದರಲ್ಲಿನ ಎಲ್ಲವನ್ನೂ ತಾನೇ ಬರೆಯುವುದಿಲ್ಲ. ಅಕ್ಷರಮಾಲೆಯನ್ನು ಒಂದೆಡೆಯಿಂದ ಇನ್ನೊಂದೆಡೆಗೆ ನಕಲಿಸುವುದು, ದೂರದ ಯಂತ್ರದ ಹೆಸರಿನಿಂದ ಅದರ ವಿಳಾಸವನ್ನು ಕಂಡುಹಿಡಿಯುವುದು, ಗುಟ್ಟಿನ ಸಂದೇಶವನ್ನು ಗೂಢಲಿಪಿಗೆ ತಿರುಗಿಸುವುದು ಮುಂತಾದ ಸಾಮಾನ್ಯ ಕೆಲಸಗಳಿಗೆ ಮೊದಲೇ ಬರೆದಿಟ್ಟ ಭಂಡಾರಗಳುಂಟು. ಇವುಗಳಿಗೆ ಲೈಬ್ರರಿಗಳೆಂದು ಹೆಸರು. ಲಿನಕ್ಸ್ ಯಂತ್ರಗಳಲ್ಲಿ ಬಹುಪಾಲಿಗೆ ಆಧಾರವಾಗಿರುವ ಜಿಲಿಬ್‌ಸಿ, ಗೂಢಲಿಪಿಯ ಕೆಲಸಕ್ಕೆ ಲೋಕವೆಲ್ಲ ಬಳಸುವ ಓಪನ್‌ಎಸ್‌ಎಸ್‌ಎಲ್ ಇಂಥವು. ಒಂದೇ ಗೂಡಿನ ಇಟ್ಟಿಗೆಯು ಊರಿನ ಸಾವಿರ ಮನೆಗಳ ಗೋಡೆ ಸೇರುವಂತೆ, ಇವುಗಳಲ್ಲಿ ಬರೆದ ಒಂದು ಸಾಲು ಕೋಟ್ಯಂತರ ಯಂತ್ರಗಳಿಗೆ ಹೋಗಿ ಸೇರುವುದು. ಇವುಗಳ ಮೂಲಬರೆಹ, ಎಂದರೆ ಸೋರ್ಸ್ ಕೋಡು, ಯಾರು ಬೇಕಾದರೂ ಓದುವಂತೆ ತೆರೆದಿರುವುದು. ಆದರೆ ತೆರೆದಿಟ್ಟ ಪುಸ್ತಕವೆಲ್ಲ ಓದಿದ ಪುಸ್ತಕವಲ್ಲ. ಎಲ್ಲರೂ ಓದಬಹುದಾದುದನ್ನು ಬೇರೆ ಯಾರೋ ಓದಿರುವರೆಂದು ಎಲ್ಲರೂ ನಂಬಿದರೆ ಏನಾಗುವುದೆಂಬುದಕ್ಕೆ ಕಳೆದ ಕೆಲವು ವರ್ಷಗಳಲ್ಲಿ ಬೇಕಾದಷ್ಟು ನಿದರ್ಶನಗಳು ದೊರೆತಿವೆ.

ಮೊದಲನೆಯದು ಒಂದು ಜತೆ ಆವರಣಚಿಹ್ನೆಯ ಕಥೆ. ‘ಇಂಥ ತಪ್ಪು ಕಂಡರೆ ಕೊನೆಗೆ ಹೋಗು’ ಎಂಬ ಆಜ್ಞೆಯನ್ನು ಸಿ ಭಾಷೆಯಲ್ಲಿ ಬರೆಯುವಾಗ, ಷರತ್ತಿಗೆ ಒಳಪಟ್ಟ ಸಾಲುಗಳನ್ನು ನಮ್ಮ ಶಾಲೆಗಳಲ್ಲಿ ಪುಷ್ಪಾವರಣವೆನ್ನುವ ಚಿಹ್ನೆಗಳೊಳಗೆ ಇಡಬಹುದು. ಒಂದೇ ಸಾಲಾದರೆ ಬಿಡಲೂಬಹುದು. ಆಪಲ್ ಸಂಸ್ಥೆಯ ಲೈಬ್ರರಿಯೊಂದರಲ್ಲಿ, ಎದುರಿನ ಯಂತ್ರವು ತಾನು ಹೇಳಿಕೊಂಡ ಯಂತ್ರವೇ ಹೌದೋ ಅಲ್ಲವೋ ಎಂದು ಅದರ ರುಜುವನ್ನು ಪರೀಕ್ಷಿಸುವ ಭಾಗದಲ್ಲಿ, ಆವರಣಗಳನ್ನು ಬಿಟ್ಟಿದ್ದರು. ‘ಗೋಟು ಫೇಲ್’ ಎಂಬ ಸಾಲು ಅಲ್ಲಿ ಹೇಗೋ ಎರಡು ಸಲ ಬಿದ್ದಿತು. ಮೊದಲನೆಯದು ಷರತ್ತಿಗೆ ಒಳಪಟ್ಟಿದ್ದಿತು; ಎರಡನೆಯದು ಯಾವ ಷರತ್ತೂ ಇಲ್ಲದೆ ಎಲ್ಲ ಸಂದರ್ಭದಲ್ಲಿಯೂ ನಡೆಯುವಂತಾಯಿತು. ಮುಂದಿನ ಪರೀಕ್ಷೆಯೇ ತಪ್ಪಿಹೋಗಿ, ‘ಎಲ್ಲ ಸರಿಯಾಗಿದೆ’ ಎಂಬ ಉತ್ತರವು ಹೊರಬರುತ್ತಿದ್ದಿತು. ಎರಡು ಸಾಲುಗಳೂ ಒಂದೇ ಅಂಚಿನಿಂದ ಆರಂಭವಾಗಿದ್ದುದರಿಂದ ಕಣ್ಣಿಗೆ ಎರಡೂ ಷರತ್ತಿನ ಕೆಳಗೇ ಇರುವಂತೆ ತೋರುತ್ತಿದ್ದವು. ೨೦೧೨ರಿಂದ ಆ ಸಾಲು ಜನರ ಕೈಯಲ್ಲಿನ ಫೋನುಗಳಲ್ಲಿ ಇದ್ದಿತು. ೨೦೧೪ರ ಫೆಬ್ರವರಿ ೨೧ರಂದು ಅದನ್ನು ತೆಗೆದರು. ಒಂದೇ ಸಾಲಿದ್ದರೂ ಆವರಣ ಹಾಕತಕ್ಕದ್ದೆಂಬ ನಿಯಮವನ್ನು ಪಾಲಿಸಿದ್ದರೆ, ಆ ಎರಡನೆಯ ಸಾಲು ಆವರಣದ ಒಳಗೆ ಬಿದ್ದು ನಿರುಪದ್ರವಿಯಾಗುತ್ತಿದ್ದಿತು, ಇಲ್ಲವೆ ಹೊರಗೆ ಬಿದ್ದು ಓದುವವನ ಕಣ್ಣಿಗೆ ಚುಚ್ಚುತ್ತಿದ್ದಿತು.

ಅದೇ ವರ್ಷದ ಏಪ್ರಿಲ್ ೭ರಂದು ಹೊರಬಿದ್ದ ಎರಡನೆಯ ಸಂಗತಿಯು ಇದಕ್ಕಿಂತ ಘೋರವಾದುದು. ಸಂಪರ್ಕದಲ್ಲಿರುವ ಎರಡು ಯಂತ್ರಗಳು ‘ಇದ್ದೀಯಾ?’ ಎಂದು ಒಂದನ್ನೊಂದು ಆಗಾಗ ಕೇಳಿಕೊಳ್ಳುವ ಏರ್ಪಾಡು ಓಪನ್‌ಎಸ್‌ಎಸ್‌ಎಲ್‌ನಲ್ಲಿ ಇದ್ದಿತು. ಕೇಳುವವನು ಒಂದು ಮಾತನ್ನೂ ಅದರ ಉದ್ದವನ್ನೂ ಕಳುಹಿಸುವನು. ಕೇಳಿಸಿಕೊಂಡವನು ಅದೇ ಮಾತನ್ನು ಮರಳಿ ಕಳುಹಿಸತಕ್ಕದ್ದು. ಬಂದ ಮಾತು ನಿಜವಾಗಿ ಅಷ್ಟು ಉದ್ದವಾಗಿದೆಯೇ ಎಂದು ಎಣಿಸಿ ನೋಡುವುದನ್ನು ಬರೆದವರೂ ಮರೆತರು, ಪರಿಶೀಲಿಸಿದವರೂ ಮರೆತರು. ಮೂರು ಅಕ್ಷರ ಕಳುಹಿಸಿ ಅರವತ್ತು ಸಾವಿರವೆಂದು ಹೇಳಿದವನಿಗೆ ಯಂತ್ರವು ತನ್ನ ನೆನಪಿನಲ್ಲಿ ಮುಂದಕ್ಕೆ ಇದ್ದುದನ್ನೆಲ್ಲ, ೬೪ ಕಿಲೋಬೈಟಿನವರೆಗೆ, ಎತ್ತಿ ಕೊಡುತ್ತಿದ್ದಿತು. ಅದರಲ್ಲಿ ಪರರ ಗುಪ್ತಪದಗಳೂ ಗೂಢಲಿಪಿಯ ಕೀಲಿಗಳೂ ಇರಬಹುದಾಗಿದ್ದಿತು. ಹಾರ್ಟ್‌ಬ್ಲೀಡ್ ಎಂದು ಹೆಸರಾದ ಈ ದೋಷವು ೨೦೧೨ರ ಮಾರ್ಚಿಯಿಂದ ಎರಡು ವರ್ಷಗಳ ಕಾಲ ಬಳಕೆಯಲ್ಲಿದ್ದಿತು. ಕೆನಡಾ ದೇಶದ ಕಂದಾಯ ಇಲಾಖೆಯಿಂದ ಸುಮಾರು ೯೦೦ ಮಂದಿ ತೆರಿಗೆದಾರರ ಗುರುತಿನ ಸಂಖ್ಯೆಗಳು ಈ ಬಿರುಕಿನಿಂದಲೇ ಕಳುವಾದವು.

ಇಲ್ಲಿ ಬರೆವಣಿಗೆಯ ಶೈಲಿಗೆ ಸಂಬಂಧಿಸಿದ ಒಂದು ಸಣ್ಣ ವಿವರವನ್ನು ವಾಚಕರು ಗಮನಿಸಬೇಕು. ಆ ಕೋಡಿನಲ್ಲಿ ಮಾತಿನ ಉದ್ದವನ್ನು ಇಟ್ಟಿದ್ದ ಜಾಗಕ್ಕೆ ‘ಉದ್ದ’ ಎಂಬ ಹೆಸರಿರಲಿಲ್ಲ. ‘ಪೇಲೋಡ್’, ಎಂದರೆ ‘ಹೊತ್ತ ಸರಕು’ ಎಂಬ ಹೆಸರಿದ್ದಿತು. ಸರಕನ್ನೇ ತೋರುವ ಗುರುತಿಗೆ ‘ಪಿಎಲ್’ ಎಂಬ ಎರಡಕ್ಷರ ಮಾತ್ರ. ಮೂಟೆಯ ಮೇಲೆ ತೂಕವೆಂದು ಬರೆಯಬೇಕಾದಲ್ಲಿ ಅಕ್ಕಿಯೆಂದು ಬರೆದರೆ, ತೂಕವನ್ನು ಪರೀಕ್ಷಿಸಬೇಕೆಂಬ ನೆನಪು ಯಾರಿಗೆ ಬಂದೀತು? ಹೆಸರೊಂದರಿಂದಲೇ ಅನರ್ಥವಾಯಿತೆಂದು ನಾವು ಹೇಳುವುದಿಲ್ಲ. ಹೆಸರು ಸರಿಯಾಗಿದ್ದರೆ ಪರಿಶೀಲಕನ ಕೈ ಅಲ್ಲಿ ಒಂದು ಕ್ಷಣ ತಡೆಯುವ ಸಂಭವವಿದ್ದಿತೆಂದು ಮಾತ್ರ ಹೇಳುವೆವು.

ಮೂರನೆಯದು ಜಿಲಿಬ್‌ಸಿಯದು. ಯಂತ್ರದ ಹೆಸರಿನಿಂದ ವಿಳಾಸವನ್ನು ಹುಡುಕುವ ಒಂದು ಭಾಗದಲ್ಲಿ, ಬೇಕಾದ ಜಾಗವೆಷ್ಟೆಂದು ಕೂಡುವಾಗ ಒಂದು ಬಾಬನ್ನು ಬಿಟ್ಟಿದ್ದರು. ಬಿಟ್ಟುಹೋದುದು ನಾಲ್ಕು ಬೈಟು, ದೊಡ್ಡ ಯಂತ್ರಗಳಲ್ಲಿ ಎಂಟು. ೨೦೦೦ದ ನವೆಂಬರಿನಲ್ಲಿ ಸೇರಿದ ಆ ತಪ್ಪು ೨೦೧೩ರ ಮೇ ತಿಂಗಳಲ್ಲಿ ತಿದ್ದಲ್ಪಟ್ಟಿತು. ಆದರೆ ಅದು ಸುರಕ್ಷಿತತೆಗೆ ಸಂಬಂಧಿಸಿದ್ದೆಂದು ಯಾರೂ ಗುರುತಿಸಲಿಲ್ಲ, ಗುರುತಿಸದ್ದರಿಂದ ಬರೆದಿಡಲೂ ಇಲ್ಲ. ಪರಿಣಾಮವಾಗಿ, ಹಳೆಯ ಆವೃತ್ತಿಯನ್ನೇ ಬಹುಕಾಲ ಕಾಪಾಡಿಕೊಂಡು ಬರುವ ಲಿನಕ್ಸ್ ವಿತರಣೆಗಳು ಆ ತಿದ್ದುಪಡಿಯನ್ನು ಸಾಮಾನ್ಯವಾದುದೆಂದು ಬಿಟ್ಟುಬಿಟ್ಟವು. ಕ್ವಾಲಿಸ್ ಎಂಬ ಸಂಸ್ಥೆಯವರು ಕೋಡನ್ನು ಸಾಲುಸಾಲಾಗಿ ತಪಾಸಣೆ ಮಾಡುತ್ತಿದ್ದಾಗ ಇದನ್ನು ಕಂಡು, ಒಂದು ಅಂಚೆಯ ತಂತ್ರಾಂಶಕ್ಕೆ ಪತ್ರ ಕಳುಹಿಸಿದ ಮಾತ್ರದಿಂದಲೇ ಆ ಯಂತ್ರವನ್ನು ವಶಪಡಿಸಿಕೊಳ್ಳಬಹುದೆಂದು ತೋರಿಸಿ, ೨೦೧೫ರ ಜನವರಿ ೨೭ರಂದು ಪ್ರಕಟಿಸಿದರು. ಘೋಸ್ಟ್ ಎಂದು ಅದಕ್ಕೆ ಹೆಸರಿಟ್ಟರು. ಹದಿನಾಲ್ಕು ವರ್ಷಗಳ ತಪ್ಪಿನಲ್ಲಿ ಕೊನೆಯ ಇಪ್ಪತ್ತು ತಿಂಗಳು, ಮದ್ದು ಸಿದ್ಧವಾಗಿದ್ದೂ ರೋಗಿಗೆ ಮುಟ್ಟಲಿಲ್ಲ. ತಿದ್ದುಪಡಿಯ ಜತೆಗೆ ‘ಏಕೆ’ ಎಂಬುದನ್ನು ಒಂದು ಸಾಲಿನಲ್ಲಿ ಬರೆಯುವುದೂ ಬರೆಹದ ಶಿಸ್ತಿಗೆ ಸೇರಿದ್ದೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷ್ಯ ಬೇಡ.

ಹೀಗಿರುವಾಗ ಶೈಲಿಯೆಂಬುದು ಬರೆಯುವವನ ಸ್ವಂತ ಅಭಿರುಚಿ, ಅದಕ್ಕಾಗಿ ಕಾಲ ಕಳೆಯುವುದು ಬಿಡುವಿದ್ದವರ ಕಾಲಕ್ಷೇಪ ಎಂದು ವಾದಿಸುವವರಿಗೆ ನಾವೇನು ಹೇಳೋಣ? ಅವರ ವಾದದಲ್ಲಿ ಸತ್ಯಾಂಶವಿಲ್ಲದಿಲ್ಲ. ಅಂಚು ಎಷ್ಟು ಅಂಗುಲ, ಆವರಣವು ಇದೇ ಸಾಲಿನಲ್ಲೋ ಮುಂದಿನ ಸಾಲಿನಲ್ಲೋ ಎಂದು ಜಗಳವಾಡುತ್ತ, ಒಳಗಿನ ಲೆಕ್ಕವನ್ನು ನೋಡದೆ ಬಿಡುವ ಪರಿಶೀಲಕರು ಉಂಟು. ಅರ್ಥವರಿಯದೆ ಅಂದಗೊಳಿಸಲು ಹೋದರೆ ಎಂಥ ಅನಾಹುತವಾಗುವುದೆಂಬುದನ್ನು ೨೦೦೬ರಲ್ಲಿ ಡೆಬಿಯನ್ ಎಂಬ ಲಿನಕ್ಸ್ ವಿತರಣೆಯಲ್ಲಿ ನಡೆದ ಸಂಗತಿಯು ತೋರಿಸಿತು. ದೋಷ ಹುಡುಕುವ ಉಪಕರಣವೊಂದು ಎಚ್ಚರಿಕೆ ಕೊಡುತ್ತಿದೆಯೆಂದು ಓಪನ್‌ಎಸ್‌ಎಸ್‌ಎಲ್‌ನಿಂದ ಅಲ್ಲಿನವರು ಕೆಲವು ಸಾಲುಗಳನ್ನು ತೆಗೆದುಹಾಕಿದರು. ಕೀಲಿಗಳನ್ನು ಊಹೆಗೆ ಸಿಗದಂತೆ ಮಾಡುತ್ತಿದ್ದುದು ಆ ಸಾಲುಗಳಲ್ಲಿ ಒಂದೇ. ೨೦೦೮ರ ಮೇ ೧೩ರಂದು ಗುಟ್ಟು ಬಯಲಾಗುವವರೆಗೆ ಆ ಯಂತ್ರಗಳಲ್ಲಿ ತಯಾರಾದ ಕೀಲಿಗಳಿಗೆ ಬೀಜವಾಗಿ ಉಳಿದುದು ಒಂದು ಸಣ್ಣ ಕ್ರಮಸಂಖ್ಯೆ ಮಾತ್ರ. ಅದಕ್ಕೆ ಸಾಮಾನ್ಯವಾಗಿ ೩೨,೭೬೮ಕ್ಕಿಂತ ಹೆಚ್ಚು ಬೆಲೆಗಳಿಲ್ಲ. ಅಷ್ಟೂ ಕೀಲಿಗಳನ್ನು ಒಂದೊಂದಾಗಿ ತಿರುಗಿಸಿ ನೋಡುವುದು ಯಂತ್ರಕ್ಕೆ ಕಷ್ಟದ ಕೆಲಸವಲ್ಲ.

ಆದರೆ ಈ ದೃಷ್ಟಾಂತವು ಶಿಸ್ತಿನ ವಿರುದ್ಧವಾದುದಲ್ಲ; ಶಿಸ್ತನ್ನು ಅರ್ಧದಲ್ಲಿ ಬಿಡುವುದರ ವಿರುದ್ಧವಾದುದು. ಶೈಲಿಯ ನಿಯಮವನ್ನು ಒಮ್ಮೆ ಗೊತ್ತುಮಾಡಿ ಎಲ್ಲರೂ ಪಾಲಿಸುವುದು, ಮುಂದೆ ಶೈಲಿಯ ಬಗ್ಗೆ ಯೋಚಿಸಬೇಕಾದ ಅಗತ್ಯವೇ ಬೀಳದಿರಲೆಂದು. ಪುಟವೆಲ್ಲ ಒಂದೇ ರೀತಿಯಲ್ಲಿದ್ದರೆ ಮಾತ್ರ ರೀತಿ ತಪ್ಪಿದುದು ಎದ್ದುಕಾಣುವುದು. ಆಗ ಪರಿಶೀಲಕನ ಬುದ್ಧಿಯು ಅಂಚು ಅಳೆಯುವುದರಲ್ಲಿ ಸವೆಯದೆ ಉದ್ದವನ್ನೂ ಮಿತಿಯನ್ನೂ ಷರತ್ತನ್ನೂ ಅಳೆಯಲು ಉಳಿಯುವುದು. ಹಾರ್ಟ್‌ಬ್ಲೀಡ್ ಆದ ಮೇಲೆ ಓಪನ್‌ಬಿಎಸ್‌ಡಿಯವರು ಓಪನ್‌ಎಸ್‌ಎಸ್‌ಎಲ್‌ನ ಪ್ರತಿಯೊಂದನ್ನು ಬೇರೆಯಾಗಿ ತೆಗೆದುಕೊಂಡು ಲಿಬ್ರೆಎಸ್‌ಎಸ್‌ಎಲ್ ಎಂಬ ಹೆಸರಿನಿಂದ ಶುದ್ಧಿಗೊಳಿಸಲು ಹೊರಟಾಗ, ಆರಂಭದ ಕೆಲಸಗಳಲ್ಲಿಯೇ ಬರೆಹವನ್ನೆಲ್ಲ ತಮ್ಮ ಒಂದೇ ಶೈಲಿಗೆ ತಂದರು. ಓಪನ್‌ಎಸ್‌ಎಸ್‌ಎಲ್‌ನವರೂ ೨೦೧೫ರ ಆರಂಭದಲ್ಲಿ ತಮ್ಮ ಕೋಡನ್ನೆಲ್ಲ ಒಂದು ಪದ್ಧತಿಗೆ ತಿರುಗಿಸಿದರು. ಬೆಂಕಿ ಬಿದ್ದ ಮನೆಯವರು ಮೊದಲು ಮಾಡಿದ ಕೆಲಸಗಳಲ್ಲಿ ಇದೊಂದೆಂಬುದು ಅರ್ಥವಿಲ್ಲದ್ದಲ್ಲ.

ಯಂತ್ರವೇ ತಪ್ಪನ್ನು ಹಿಡಿಯುವುದಲ್ಲವೇ ಎಂದು ಇನ್ನು ಕೆಲವರು ಕೇಳುವರು. ಹಿಡಿಯುವುದು ನಿಜ, ತಕ್ಕಮಟ್ಟಿಗೆ. ೨೦೧೬ರಲ್ಲಿ ಬಂದ ಜಿಸಿಸಿಯ ಆರನೆಯ ಆವೃತ್ತಿಯು, ಸಾಲಿನ ಅಂಚು ಒಂದು ಅರ್ಥವನ್ನೂ ಕೋಡು ಇನ್ನೊಂದು ಅರ್ಥವನ್ನೂ ಕೊಡುವಂತಿದ್ದರೆ ಎಚ್ಚರಿಕೆ ನೀಡತೊಡಗಿತು. ಇಂಥ ಉಪಕರಣಗಳನ್ನು ಉಪಯೋಗಿಸದಿರುವುದು ಮೂರ್ಖತನ. ಆದರೆ ಯಂತ್ರವು ಮರೆವನ್ನು ಹಿಡಿದಷ್ಟು ಸುಲಭವಾಗಿ ಮೋಸವನ್ನು ಹಿಡಿಯಲಾರದು. ೨೦೨೪ರ ಮಾರ್ಚಿ ೨೯ರಂದು ಹೊರಬಿದ್ದ ಎಕ್ಸ್‌ಝಡ್ ಪ್ರಕರಣವನ್ನು ನೋಡಿರಿ. ಕಡತಗಳನ್ನು ಸಂಕ್ಷೇಪಗೊಳಿಸುವ ಈ ಸಣ್ಣ ಲೈಬ್ರರಿಯನ್ನು ವರ್ಷಗಳಿಂದ ಒಬ್ಬನೇ ಗೃಹಸ್ಥನು ಸಂಬಳವಿಲ್ಲದೆ ನೋಡಿಕೊಂಡು ಬರುತ್ತಿದ್ದನು. ಸಹಾಯಕನ ವೇಷದಲ್ಲಿ, ಸುಳ್ಳು ಹೆಸರಿನದೆಂದು ತೋರುವ ಹೆಸರಿನಲ್ಲಿ ಬಂದವನೊಬ್ಬನು ಎರಡು ವರ್ಷಗಳಿಗೂ ಮಿಗಿಲಾಗಿ ಒಳ್ಳೆಯ ಕೆಲಸ ಮಾಡಿ ವಿಶ್ವಾಸ ಗಳಿಸಿ, ದೂರದಿಂದ ಯಂತ್ರದೊಳಕ್ಕೆ ನುಗ್ಗುವ ಗುಪ್ತದ್ವಾರವನ್ನು ಅದರಲ್ಲಿ ಹೂತಿಟ್ಟನು. ಅದರ ಮುಖ್ಯ ಭಾಗವು ಎಲ್ಲರೂ ಓದುವ ಕೋಡಿನಲ್ಲಿ ಇರಲಿಲ್ಲ. ಯಾರೂ ತೆರೆದು ನೋಡದ ಪರೀಕ್ಷಾ ಕಡತಗಳಲ್ಲಿಯೂ, ಹಂಚಿಕೆಗೆಂದು ಕಟ್ಟಿದ ಗಂಟಿನಲ್ಲಿಯೂ ಅಡಗಿದ್ದಿತು. ಇನ್ನೊಂದೆಡೆ, ರಕ್ಷಣೆಯ ಏರ್ಪಾಡೊಂದು ಯಂತ್ರದಲ್ಲಿದೆಯೇ ಎಂದು ಪರೀಕ್ಷಿಸುವ ತುಣುಕಿನೊಳಗೆ ಒಂಟಿ ಚುಕ್ಕೆಯೊಂದನ್ನು ಇಟ್ಟಿದ್ದನು. ಆ ಚುಕ್ಕೆಯಿಂದ ಪರೀಕ್ಷೆಯು ಯಾವಾಗಲೂ ಸೋಲುತ್ತಿದ್ದಿತು. ರಕ್ಷಣೆಯು ಸದ್ದಿಲ್ಲದೆ ತಪ್ಪಿಹೋಗುತ್ತಿದ್ದಿತು. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರರು, ಲಾಗಿನ್ ಆಗಲು ಅರ್ಧ ಸೆಕೆಂಡು ತಡವೇಕೆ ಎಂದು ಕುತೂಹಲಪಟ್ಟು ಹುಡುಕಿದ್ದರಿಂದ ಲೋಕವು ಪಾರಾಯಿತು. ಕುತೂಹಲವು ದೊಡ್ಡ ಗುಣ. ಆದರೆ ಲೋಕದ ಸುರಕ್ಷಿತತೆಯನ್ನು ಒಬ್ಬರ ಕುತೂಹಲಕ್ಕೆ ಬಿಟ್ಟು ಕುಳಿತಿರುವುದು ವ್ಯವಸ್ಥೆಯಲ್ಲ, ಅದೃಷ್ಟ. ಈಗಂತೂ ಯಂತ್ರಗಳೇ ಕೋಡನ್ನು ಬರೆದುಕೊಡುವ ಕಾಲ ಬಂದಿದೆ. ಬರೆಯುವ ವೇಗ ಹೆಚ್ಚಿದಷ್ಟೂ ಓದುವವರ ಹೊರೆಯೂ ಹೊಣೆಯೂ ಹೆಚ್ಚುವವು.

ಈ ಕೆಲಸವನ್ನು ವ್ಯವಸ್ಥಿತವಾಗಿ ಮಾಡಲು ಸಾಧ್ಯವಿಲ್ಲವೆಂದೇನೂ ಇಲ್ಲ. ಓಪನ್‌ಬಿಎಸ್‌ಡಿಯವರು ೧೯೯೬ರ ಬೇಸಗೆಯಿಂದ ತಮ್ಮ ಮೂಲಬರೆಹವನ್ನು ಕಡತದಿಂದ ಕಡತಕ್ಕೆ ತಪಾಸಣೆ ಮಾಡುತ್ತ ಬಂದಿರುವರು. ಅವರ ತಂಡದಲ್ಲಿರುವವರು ಸಾಮಾನ್ಯವಾಗಿ ಆರರಿಂದ ಹನ್ನೆರಡು ಮಂದಿ. ಒಂದೆಡೆ ಒಂದು ಬಗೆಯ ತಪ್ಪು ಕಂಡರೆ, ಅದೇ ಬಗೆಯ ತಪ್ಪು ಉಳಿದೆಡೆಯಲ್ಲಿಯೂ ಇದೆಯೇ ಎಂದು ಅವರು ಇಡಿಯ ಭಂಡಾರವನ್ನು ಶೋಧಿಸುವರು. ಈ ತಪ್ಪಿನಿಂದ ನಿಜವಾಗಿ ಕಳವು ಸಾಧ್ಯವೇ ಎಂದು ವಾದಿಸುತ್ತ ಕೂಡದೆ ತಪ್ಪನ್ನು ತಪ್ಪೆಂದು ತಿದ್ದುವರು. ಅಕ್ಷರಮಾಲೆಯನ್ನು ಜಾಗದ ಮಿತಿ ಮೀರದಂತೆ ನಕಲಿಸುವ ‘ಸ್ಟ್ರ್‌ಎಲ್‌ಸಿಪಿವೈ’ ಎಂಬ ಉಪಾಯವನ್ನು ಅವರು ೧೯೯೮ರಲ್ಲಿಯೇ ತಮ್ಮ ಲೈಬ್ರರಿಗೆ ಸೇರಿಸಿದರು. ಬಹುಕಾಲ ಅದನ್ನು ಒಪ್ಪದಿದ್ದ ಜಿಲಿಬ್‌ಸಿಯು ೨೦೨೩ರಲ್ಲಿ ಸೇರಿಸಿಕೊಂಡಿತು. ಬೆರಳೆಣಿಕೆಯ ಮಂದಿಯಿಂದ ಇಷ್ಟು ಸಾಧ್ಯವಾದರೆ, ಮನಸ್ಸು ಮಾಡಿದ ರಾಷ್ಟ್ರಗಳಿಂದ ಏನು ಸಾಧ್ಯವಾಗದು?

ಇಲ್ಲಿಗೆ ನಾವು ನಮ್ಮ ಮನೆಯ ಪ್ರಶ್ನೆಗೆ ಬರುವೆವು. ಹಾರ್ಟ್‌ಬ್ಲೀಡ್ ಹೊರಬಿದ್ದಾಗ, ಲೋಕದ ಅರ್ಧಕ್ಕರ್ಧ ವಾಣಿಜ್ಯವು ನಂಬಿದ್ದ ಓಪನ್‌ಎಸ್‌ಎಸ್‌ಎಲ್‌ಗೆ ವರ್ಷಕ್ಕೆ ಬರುತ್ತಿದ್ದ ದಾನವು ಸುಮಾರು ಎರಡು ಸಾವಿರ ಡಾಲರು. ಪೂರ್ಣಕಾಲ ದುಡಿಯುತ್ತಿದ್ದವನು ಒಬ್ಬನೇ. ಲಿನಕ್ಸ್ ಫೌಂಡೇಶನ್ನಿನವರು ಅದೇ ತಿಂಗಳಲ್ಲಿ ದೊಡ್ಡ ದೊಡ್ಡ ಸಂಸ್ಥೆಗಳಿಂದ ಹಣ ಕೂಡಿಸಿ ಇಂಥ ಯೋಜನೆಗಳಿಗೆ ಒದಗಿಸಲು ಮುಂದಾದರು. ಊರು ಸೂರೆಯಾದ ಮೇಲೆ ಕೋಟೆಯ ಬಾಗಿಲು ಹಾಕಿದಂತಾದರೂ, ಹಾಕಿದ್ದು ಮೆಚ್ಚತಕ್ಕದ್ದೇ. ಜರ್ಮನಿಯ ಸರಕಾರವು ೨೦೨೨ರಲ್ಲಿ ಇದಕ್ಕಾಗಿಯೇ ಒಂದು ನಿಧಿಯನ್ನು ಸ್ಥಾಪಿಸಿತು. ನಮ್ಮ ಬೆಂಗಳೂರಿನ ಝೆರೋಧಾ ಸಂಸ್ಥೆಯು ೨೦೨೪ರಲ್ಲಿ, ವರ್ಷಕ್ಕೆ ಹತ್ತು ಲಕ್ಷ ಡಾಲರುಗಳಂತೆ ಇಂಥ ಯೋಜನೆಗಳಿಗೆ ಕೊಡುವುದಾಗಿ ಮುಂದೆ ಬಂದುದು ನಮಗೆ ಅಭಿಮಾನದ ವಿಷಯ. ಆದರೆ ಒಂದು ಸಂಸ್ಥೆಯ ಔದಾರ್ಯವು ಇಡಿಯ ನಗರದ ಕರ್ತವ್ಯವನ್ನು ತೀರಿಸಲಾರದು. ಭಾರತ ಸರಕಾರವು ತನ್ನ ಕಚೇರಿಗಳಲ್ಲಿ ಮುಕ್ತ ತಂತ್ರಾಂಶಕ್ಕೆ ಪ್ರಾಶಸ್ತ್ಯ ಕೊಡತಕ್ಕದ್ದೆಂಬ ಧೋರಣೆಯನ್ನು ೨೦೧೫ರಲ್ಲಿಯೇ ಅಂಗೀಕರಿಸಿತು. ಧೋರಣೆ ಸರಿಯಾದುದೇ. ಆದರೆ ಎಲ್ಲರ ಬಾವಿಯಿಂದ ನೀರು ಸೇದುವವನು ಬಾವಿಯ ಹೂಳೆತ್ತುವ ದಿನ ಮನೆಯೊಳಗೆ ಅಡಗಿಕೊಳ್ಳಬಾರದು.

ಆದಕಾರಣ ನಮ್ಮ ಸೂಚನೆಗಳಿವು. ಸರಕಾರಗಳು ತಂತ್ರಾಂಶಕ್ಕಾಗಿ ಗುತ್ತಿಗೆ ಕೊಡುವಾಗ, ಅದು ಯಾವ ಯಾವ ಲೈಬ್ರರಿಗಳ ಯಾವ ಆವೃತ್ತಿಯನ್ನು ಅವಲಂಬಿಸಿದೆಯೆಂಬ ಪಟ್ಟಿಯನ್ನು ಕಡ್ಡಾಯವಾಗಿ ಪಡೆಯತಕ್ಕದ್ದು. ಗುತ್ತಿಗೆಯ ಮೊತ್ತದಲ್ಲಿ ಒಂದು ಸಣ್ಣ ಪಾಲನ್ನು ಆ ಲೈಬ್ರರಿಗಳ ತಪಾಸಣೆಗೆಂದು ತೆಗೆದಿರಿಸತಕ್ಕದ್ದು. ಪಟ್ಟಿಯಿಲ್ಲದ ಕಚೇರಿಗೆ, ಘೋಸ್ಟಿನಂಥ ಸುದ್ದಿ ಬಂದ ದಿನ ತನ್ನ ಮನೆಯ ಯಾವ ಗೋಡೆಯಲ್ಲಿ ಬಿರುಕಿದೆಯೆಂದೂ ತಿಳಿಯದು. ಬೆಂಗಳೂರಿನ ಕಂಪನಿಗಳು ತಮ್ಮ ಎಂಜಿನಿಯರರ ಕಾಲದಲ್ಲಿ ಇಂತಿಷ್ಟು ಭಾಗವನ್ನು, ತಾವು ಪುಕ್ಕಟೆಯಾಗಿ ಉಪಯೋಗಿಸುವ ಕೋಡನ್ನು ಓದಿ ತಿದ್ದುವುದಕ್ಕೆ ಬಿಟ್ಟುಕೊಡಲಿ. ಬಡ್ತಿ ಕೊಡುವಾಗ ಎಷ್ಟು ಸಾಲು ಬರೆದನೆಂದು ಕೇಳುವಂತೆಯೇ ಎಷ್ಟು ಸಾಲನ್ನು ಎಚ್ಚರದಿಂದ ಓದಿದನೆಂದೂ ಕೇಳಲಿ. ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕೋಡು ಬರೆಯುವ ಪರೀಕ್ಷೆಯಿದ್ದಂತೆ, ಪರರು ಬರೆದುದನ್ನು ಓದಿ ದೋಷ ತೋರಿಸುವ ಪರೀಕ್ಷೆಯೂ ಇರಲಿ. ಮೇಲೆ ಹೇಳಿದ ಐದು ಪ್ರಕರಣಗಳ ಮೂಲಬರೆಹವೂ ಎಲ್ಲರಿಗೂ ದೊರೆಯುವಂತಿದೆ. ಇವಕ್ಕಿಂತ ಒಳ್ಳೆಯ ಪಾಠಪುಸ್ತಕ ಬೇಕಾಗಿಲ್ಲ. ಇವೆಲ್ಲಕ್ಕೂ ಮಿಗಿಲಾಗಿ, ‘ಈ ಸಾಲು ನನಗೆ ಅರ್ಥವಾಗಲಿಲ್ಲ, ಅರ್ಥವಾಗುವವರೆಗೆ ಒಪ್ಪಿಗೆಯಿಲ್ಲ’ ಎಂದು ಹೇಳುವ ಪರಿಶೀಲಕನನ್ನು ಕೆಲಸಕ್ಕೆ ಅಡ್ಡಿಯೆಂದು ಬಗೆಯದೆ ಗೌರವಿಸುವ ವಾಡಿಕೆ ಬೆಳೆಯಲಿ.

ನಮ್ಮ ಹಳ್ಳಿಗಳಲ್ಲಿ ಕೆರೆಯನ್ನು ಕಟ್ಟಿಸಿದವರ ಹೆಸರನ್ನು ಶಾಸನದಲ್ಲಿ ಕೊರೆದು ನಿಲ್ಲಿಸುತ್ತಿದ್ದರು. ಮಳೆಗಾಲದ ರಾತ್ರಿಯಲ್ಲಿ ಏರಿಯ ಮೇಲೆ ನಡೆದು, ಏಡಿ ಕೊರೆದ ಬಿಲವನ್ನು ಹುಡುಕಿ ಮುಚ್ಚುತ್ತಿದ್ದ ನೀರ್ಗಂಟಿಯ ಹೆಸರು ಯಾವ ಕಲ್ಲಿನ ಮೇಲೂ ಅಷ್ಟಾಗಿ ಕಾಣದು. ಆದರೆ ಊರು ಅವನಿಗೆ ಗದ್ದೆ ಬಿಟ್ಟುಕೊಡುತ್ತಿದ್ದಿತು. ಸುಗ್ಗಿಯಲ್ಲಿ ಅವನ ಪಾಲನ್ನು ಮರೆಯದೆ ಅಳೆಯುತ್ತಿದ್ದಿತು. ಕಟ್ಟಿದವನಿಂದ ಕೆರೆ ಆಯಿತು, ಕಾಯ್ದವನಿಂದ ಉಳಿಯಿತು ಎಂಬುದು ಊರಿಗೆ ಗೊತ್ತಿದ್ದಿತು. ಇಂದು ಅದಕ್ಕಿಂತ ದೊಡ್ಡ ಏರಿಯ ಕೆಳಗೆ ನಾವೆಲ್ಲರೂ ಮನೆ ಕಟ್ಟಿಕೊಂಡಿರುವೆವು. ಅದನ್ನು ಕಾಯುವವರ ಪಾಲನ್ನು ಅಳೆದುಕೊಡಲು ನಮ್ಮ ಸರಕಾರಗಳೂ ನಮ್ಮ ಸಂಸ್ಥೆಗಳೂ ಇನ್ನೊಂದು ಬಿರುಕಿನ ಸುದ್ದಿಗಾಗಿ ಕಾದಿರಬಾರದೆಂದು ನಾವು ಒತ್ತಿ ಹೇಳುವೆವು.